ಹೊಸಬರಿಗೆ ಎಐ ಅಸಿಸ್ಟೆಂಟ್ ತಪ್ಪು ದಾರಿ ತೋರಿಸುತ್ತಿದೆಯೇ? ದೋಷ ಹುಡುಕುವ ಕೈಪಿಡಿ

ಹೊಸ ಕೆಲಸದ ಮೊದಲ ವಾರ ಯಾರಿಗೂ ಸುಲಭವಲ್ಲ. ಲಾಗಿನ್ ಇನ್ನೂ ಸಿಕ್ಕಿರುವುದಿಲ್ಲ. ರಜೆಗೆ ಯಾರನ್ನು ಕೇಳಬೇಕೋ, ಲ್ಯಾಪ್‌ಟಾಪ್ ಕೆಟ್ಟರೆ ಯಾರಿಗೆ ಹೇಳಬೇಕೋ ಗೊತ್ತಿರುವುದಿಲ್ಲ. ಪಕ್ಕದವರನ್ನು ಒಂದು ಸಲ ಕೇಳಬಹುದು. ಅದೇ ಪ್ರಶ್ನೆಯನ್ನು ಮೂರನೇ ಸಲ ಕೇಳಲು ಸಂಕೋಚ. ಇಂಥ ಪ್ರಶ್ನೆಗಳಿಗೆ ಬೇಸರವಿಲ್ಲದೆ ಉತ್ತರ ಸಿಗಲಿ ಎಂದೇ ಈಗ ಎಷ್ಟೋ ಕಚೇರಿಗಳು ಎಐ ಅಸಿಸ್ಟೆಂಟ್ ಇಟ್ಟುಕೊಂಡಿವೆ. ಸರಿಯಾಗಿ ನಡೆದರೆ ಅದು ದೊಡ್ಡ ಉಪಕಾರ.

ಕೆಟ್ಟರೆ ಮಾತ್ರ ಬೇಗ ಗೊತ್ತಾಗುವುದಿಲ್ಲ. ಪ್ರಿಂಟರ್ ಕೆಟ್ಟರೆ ಹಾಳೆ ಹೊರಗೆ ಬರುವುದಿಲ್ಲ, ಎಲ್ಲರಿಗೂ ಕಾಣುತ್ತದೆ. ಅಸಿಸ್ಟೆಂಟ್ ಕೆಟ್ಟಾಗಲೂ ಉತ್ತರ ಬರುತ್ತಲೇ ಇರುತ್ತದೆ, ಅದೇ ಅಚ್ಚುಕಟ್ಟಾದ ಭಾಷೆಯಲ್ಲಿ. ಹತ್ತು ವರ್ಷದಿಂದ ಇರುವವರಿಗಾದರೆ ‘ಇದು ಸರಿ ಇಲ್ಲವಲ್ಲ’ ಎಂದು ಹೊಳೆಯುತ್ತದೆ. ನಿನ್ನೆ ಸೇರಿದವರಿಗೆ ಹೇಗೆ ಹೊಳೆಯಬೇಕು? ಅವರ ಹತ್ತಿರ ಅಳೆಯಲು ಕೋಲೇ ಇಲ್ಲ. ಹಾಗಾಗಿ ‘ಅಸಿಸ್ಟೆಂಟ್ ತಪ್ಪು ಹೇಳಿತು’ ಎಂಬ ದೂರು ಅವರಿಂದ ಬರುವುದು ಅಪರೂಪ. ಬರುವುದು ತಪ್ಪು ಫಾರಂ, ತಪ್ಪು ದಿನಾಂಕ, ಮಂಕಾದ ಮುಖ. ಈ ಕೈಪಿಡಿ ಹೊಸಬರನ್ನು ನೋಡಿಕೊಳ್ಳುವ ಎಚ್‌ಆರ್, ಐಟಿ ಮತ್ತು ಟೀಮ್‌ನ ಹಿರಿಯರಿಗೆ. ನಿಮ್ಮ ಕಣ್ಣಿಗೆ ಬೀಳುವ ಲಕ್ಷಣದಿಂದಲೇ ಶುರು ಮಾಡೋಣ.

ಮೊದಲು ಐದು ನಿಮಿಷದ ಕೆಲಸ

ಏನನ್ನೂ ಬದಲಾಯಿಸುವ ಮೊದಲು ಬರೆದಿಟ್ಟುಕೊಳ್ಳಿ. ಹೊಸಬರು ಟೈಪ್ ಮಾಡಿದ ಪ್ರಶ್ನೆ ಅಕ್ಷರಶಃ ಹೇಗಿತ್ತು, ಉತ್ತರ ಏನು ಬಂತು, ಯಾವ ದಿನ, ಯಾರ ಲಾಗಿನ್‌ನಿಂದ. ‘ರಜೆ ಬಗ್ಗೆ ಏನೋ ತಪ್ಪು ಹೇಳಿತಂತೆ’ ಎಂಬ ಸುದ್ದಿಯಿಂದ ಯಾವ ದೋಷವನ್ನೂ ಹಿಡಿಯಲಾಗದು.

ಇನ್ನೊಂದು ಮಾತು. ನಿಮ್ಮ ಲಾಗಿನ್‌ನಿಂದ ಕೇಳಿ ನೋಡಿ ‘ನನಗೆ ಸರಿಯಾಗೇ ಬರ್ತಿದೆ’ ಎಂದು ಮುಗಿಸಬೇಡಿ. ನಿಮಗೆ ತೆರೆಯುವ ಫೋಲ್ಡರ್ ಅವರಿಗೆ ತೆರೆಯದೇ ಇರಬಹುದು. ಹೊಸಬರ ಪಕ್ಕದಲ್ಲಿ ಕೂತು, ಅವರ ಕೈಯಿಂದಲೇ, ಹೊಸ ಚಾಟ್ ತೆರೆದು ಅದೇ ಪ್ರಶ್ನೆ ಕೇಳಿಸಿ.

ಆಮೇಲೆ ಒಂದು ಪರೀಕ್ಷೆ. ಕಚೇರಿಯ ಅಸಿಸ್ಟೆಂಟ್‌ಗಳು ಹೆಚ್ಚಾಗಿ ಎರಡು ಹಂತದಲ್ಲಿ ಕೆಲಸ ಮಾಡುತ್ತವೆ. ಮೊದಲು ನಿಮ್ಮ ದಾಖಲೆಗಳ ತುಂಡುಗಳಲ್ಲಿ ಪ್ರಶ್ನೆಗೆ ಹತ್ತಿರವಾದ ಕೆಲವನ್ನು ಹುಡುಕಿ ತೆಗೆಯುತ್ತವೆ. ನಂತರ ಆ ತುಂಡುಗಳನ್ನು ಓದಿಕೊಂಡು ಉತ್ತರ ಬರೆಯುತ್ತವೆ. ತಪ್ಪಾಗಿರುವುದು ಹುಡುಕುವುದರಲ್ಲೋ, ಬರೆಯುವುದರಲ್ಲೋ? ತಿಳಿಯುವುದು ಸುಲಭ. ಸರಿಯಾದ ನಿಯಮ ಇರುವ ಪ್ಯಾರಾವನ್ನು ನೀವೇ ಚಾಟ್‌ಗೆ ಅಂಟಿಸಿ, ‘ಇದನ್ನು ಓದಿ ಹೇಳು’ ಎಂದು ಅದೇ ಪ್ರಶ್ನೆ ಕೇಳಿ. ಈಗ ಉತ್ತರ ಸರಿ ಬಂದರೆ ಅದು ಓದುವುದರಲ್ಲಿ ಎಡವಿಲ್ಲ, ಸರಿಯಾದ ಪ್ಯಾರಾ ಅದರ ಕೈಗೇ ಸಿಕ್ಕಿರಲಿಲ್ಲ. ಪ್ಯಾರಾ ಕೊಟ್ಟ ಮೇಲೂ ತಪ್ಪಿದರೆ ಆ ಪ್ಯಾರಾವನ್ನೇ ಮತ್ತೆ ಓದಿ. ಎಷ್ಟೋ ಸಲ ನಮ್ಮ ವಾಕ್ಯಕ್ಕೇ ಎರಡು ಅರ್ಥ ಇರುತ್ತದೆ.

ಲಕ್ಷಣ: ಉತ್ತರ ಧೈರ್ಯವಾಗಿದೆ, ಆದರೆ ನಿಯಮ ಹಳೆಯದು

ನಾನು ನೋಡಿದ ದೋಷಗಳಲ್ಲಿ ಇದೇ ಜಾಸ್ತಿ. ನಾನಿದ್ದ ಒಂದು ಕಚೇರಿಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಪ್ರೊಬೇಷನ್‌ನಲ್ಲಿ ರಜೆ ಸಿಗುತ್ತದೆಯೇ ಎಂದು ಅಸಿಸ್ಟೆಂಟ್‌ಗೆ ಕೇಳಿದ್ದಳು. ಸಿಗುವುದಿಲ್ಲ ಎಂದಿತು. ಆ ನಿಯಮ ಬದಲಾಗಿ ವರ್ಷವೇ ಆಗಿತ್ತು. ಅವಳು ಯಾರನ್ನೂ ಕೇಳಲಿಲ್ಲ, ಊರಿಗೆ ಹೋಗುವುದನ್ನು ಬಿಟ್ಟಳು. ನಮಗೆ ತಿಳಿದದ್ದು ಎರಡು ತಿಂಗಳ ನಂತರ, ಮಾತಿಗೆ ಮಾತು ಬಂದಾಗ. ಅವತ್ತು ನನಗಾದ ಬೇಸರವೇ ಈ ಕೈಪಿಡಿ ಬರೆಯಲು ಕಾರಣ.

ಮೊದಲು ಖರ್ಚಿಲ್ಲದ ಪರೀಕ್ಷೆ: ‘ಈ ಉತ್ತರ ಯಾವ ದಾಖಲೆಯಿಂದ ಬಂತು?’ ಎಂದು ಕೇಳಿ. ಕೊಟ್ಟ ಲಿಂಕ್ ಒತ್ತಿ ದಾಖಲೆಯನ್ನು ತೆರೆದು ನೋಡಿ. ಲಿಂಕ್ ಇದ್ದ ಮಾತ್ರಕ್ಕೆ ಉತ್ತರ ಅದರಲ್ಲಿದೆ ಎಂದಲ್ಲ. ತೆರೆದಾಗ ಹಳೆಯ ದಿನಾಂಕ ಕಂಡರೆ ಅರ್ಧ ಕೆಲಸ ಮುಗಿಯಿತು.

ಮುಂದೆ ಆ ಫೋಲ್ಡರ್ ನೋಡಿ. ‘ರಜೆ ನಿಯಮ’, ‘ರಜೆ ನಿಯಮ ಹೊಸದು’, ‘ರಜೆ ನಿಯಮ ಅಂತಿಮ’, ‘ಅಂತಿಮ 2’ ಎಂದು ನಾಲ್ಕು ಫೈಲು ಸಾಲಾಗಿ ಕೂತಿರುತ್ತವೆ ಅಲ್ವಾ? ಯಾವುದು ಜಾರಿಯಲ್ಲಿದೆ ಎಂದು ಹಳಬರಿಗೆ ಗೊತ್ತು. ಅಸಿಸ್ಟೆಂಟ್‌ಗೆ ನಾಲ್ಕೂ ಒಂದೇ. ಪ್ರಶ್ನೆಯ ಮಾತಿಗೆ ಯಾವುದು ಹತ್ತಿರವೋ ಅದನ್ನೇ ಎತ್ತಿಕೊಳ್ಳುತ್ತದೆ. ಜಾರಿಯಲ್ಲಿರುವ ಒಂದನ್ನು ಉಳಿಸಿ, ಉಳಿದವನ್ನು ಅಸಿಸ್ಟೆಂಟ್ ತಲುಪದ ಜಾಗಕ್ಕೆ ಸಾಗಿಸಿ. ಉಳಿಸಿದ ದಾಖಲೆಯ ತಲೆಯಲ್ಲಿ ಯಾವ ದಿನದಿಂದ ಜಾರಿ, ಯಾರಿಗೆ ಅನ್ವಯ ಎಂದು ಒಂದು ಸಾಲು ಬರೆಯಿರಿ.

ಫೈಲು ಅಳಿಸಿದರೂ ಹಳೆಯ ಉತ್ತರವೇ ಬರುತ್ತಿದೆಯೇ? ಆಗ ಇಂಡೆಕ್ಸ್ ಹಳೆಯದಿದೆ. ದಾಖಲೆಗಳನ್ನು ಒಮ್ಮೆ ಓದಿ ತನ್ನಲ್ಲಿ ಜೋಡಿಸಿಟ್ಟುಕೊಂಡ ಪ್ರತಿಯಿಂದಲೇ ಅದು ಹುಡುಕುತ್ತದೆ. ಫೋಲ್ಡರ್‌ನಲ್ಲಿ ಅಳಿಸಿದ್ದು ಅಲ್ಲಿ ಉಳಿದಿರಬಹುದು. ಇಂಡೆಕ್ಸ್ ಕೊನೆಯ ಸಲ ಯಾವಾಗ ಹೊಸದಾಯಿತು, ಅಳಿಸಿದ ಫೈಲುಗಳು ಅಲ್ಲಿಂದಲೂ ಹೋದವೇ ಎಂದು ಐಟಿಯವರನ್ನು ಕೇಳಿ. ಈ ಎರಡು ಪ್ರಶ್ನೆ ಸಾಕು.

ದಾಖಲೆ ಹೊಸದು, ಇಂಡೆಕ್ಸೂ ಹೊಸದು, ಆದರೂ ಉತ್ತರ ಅರ್ಧ ಸರಿ ಅರ್ಧ ತಪ್ಪು ಎಂದಾದರೆ ತುಂಡುಗಳನ್ನು ಅನುಮಾನಿಸಿ. ನಿಯಮ ಒಂದು ತುಂಡಿನಲ್ಲಿ, ‘ಗುತ್ತಿಗೆ ನೌಕರರಿಗೆ ಇದು ಅನ್ವಯಿಸುವುದಿಲ್ಲ’ ಎಂಬ ಸಾಲು ಮುಂದಿನ ತುಂಡಿನಲ್ಲಿ ಹೋಗಿರುತ್ತದೆ. ಮೊದಲನೆಯದು ಸಿಕ್ಕಿತು, ಎರಡನೆಯದು ಸಿಗಲಿಲ್ಲ. ದೊಡ್ಡ ಕೋಷ್ಟಕಗಳಲ್ಲಿ ಇದು ಇನ್ನೂ ಜಾಸ್ತಿ. ತಲೆಸಾಲು ಒಂದು ಕಡೆ, ಅಂಕಿ ಇನ್ನೊಂದು ಕಡೆ. ತುಂಡಿನ ಅಳತೆ ಬದಲಾಯಿಸಲು ತಾಂತ್ರಿಕ ಕೈ ಬೇಕು. ಅದಕ್ಕಿಂತ ಅಗ್ಗದ ದಾರಿ, ವಿನಾಯಿತಿಯನ್ನು ನಿಯಮದ ಪಕ್ಕದಲ್ಲೇ ಬರೆಯುವುದು. ಮನುಷ್ಯರಿಗೂ ಆಗ ಓದಲು ಸುಲಭ.

ಲಕ್ಷಣ: ದಾಖಲೆಯಲ್ಲಿ ಇದ್ದರೂ ‘ಮಾಹಿತಿ ಇಲ್ಲ’ ಎನ್ನುತ್ತದೆ

ಈ ತಪ್ಪಿನಿಂದ ಅಪಾಯ ಕಡಿಮೆ. ಗೊತ್ತಿಲ್ಲ ಎನ್ನುವ ಅಸಿಸ್ಟೆಂಟ್ ಸುಳ್ಳು ಹೇಳುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ ಮೂರು ಸಲ ಹೀಗಾದರೆ ಹೊಸಬರು ಕೇಳುವುದನ್ನೇ ಬಿಡುತ್ತಾರೆ.

ದಾಖಲೆಯ ಮಾತಿನಲ್ಲಿ ಪ್ರಶ್ನೆ ಕೇಳಿ ನೋಡಿ. ಹೊಸಬರು ‘ನನ್ನ ದುಡ್ಡು ವಾಪಸ್ ಯಾವಾಗ’ ಎನ್ನುತ್ತಾರೆ, ದಾಖಲೆ ‘ವೆಚ್ಚ ಮರುಪಾವತಿ ಪ್ರಕ್ರಿಯೆ’ ಎನ್ನುತ್ತದೆ. ಈಗಿನ ಹುಡುಕಾಟ ಪದಕ್ಕಿಂತ ಅರ್ಥದ ಹೋಲಿಕೆಯನ್ನು ನೋಡುತ್ತದೆ ನಿಜ, ಆದರೂ ಕಚೇರಿಯೊಳಗಿನ ಸಂಕ್ಷಿಪ್ತ ಹೆಸರುಗಳು, ಪ್ರಾಜೆಕ್ಟಿನ ಅಡ್ಡಹೆಸರುಗಳು ಅದಕ್ಕೆ ತಿಳಿಯವು. ದಾಖಲೆಯ ಮಾತಿನಲ್ಲಿ ಕೇಳಿದಾಗ ಉತ್ತರ ಬಂದರೆ, ಹೊಸಬರು ಕೇಳುವ ರೀತಿಯ ಪ್ರಶ್ನೆಗಳನ್ನೇ ದಾಖಲೆಯ ಮೇಲ್ಭಾಗದಲ್ಲಿ ಸೇರಿಸಿ. ಭಾಷೆಯೂ ಹೀಗೆಯೇ. ಪ್ರಶ್ನೆ ಕನ್ನಡದಲ್ಲಿ, ದಾಖಲೆ ಇಂಗ್ಲಿಷ್‌ನಲ್ಲಿ ಇದ್ದರೆ ಕೆಲವು ವ್ಯವಸ್ಥೆಗಳು ಎಡವುತ್ತವೆ. ಒಂದೇ ಪ್ರಶ್ನೆಯನ್ನು ಎರಡೂ ಭಾಷೆಯಲ್ಲಿ ಕೇಳಿ ಹೋಲಿಸಿ. ಕನ್ನಡದ ಪ್ರಶ್ನೆಗೆ ಮಾತ್ರ ಸೋತರೆ ಹುಡುಕುವ ಭಾಗಕ್ಕೆ ಹಲವು ಭಾಷೆ ಬಲ್ಲ ಎಐ ಮಾದರಿ (ಮಾಡೆಲ್) ಬೇಕಿದೆ ಎಂದರ್ಥ.

ಪಿಡಿಎಫ್ ತೆರೆದು ಒಂದು ಸಾಲನ್ನು ಮೌಸ್‌ನಿಂದ ಆಯ್ಕೆ ಮಾಡಿ. ಅಕ್ಷರಗಳು ಆಯ್ಕೆಯಾಗದಿದ್ದರೆ ಅದು ಬರೀ ಸ್ಕ್ಯಾನ್ ಮಾಡಿದ ಚಿತ್ರ. ಚಿತ್ರದಿಂದ ಅಕ್ಷರ ತೆಗೆಯುವ ಸೌಲಭ್ಯ ಜೋಡಿಸದಿದ್ದರೆ ಅಸಿಸ್ಟೆಂಟ್‌ಗೆ ಅದು ಖಾಲಿ ಹಾಳೆ. ಕೊನೆಯದಾಗಿ ಅನುಮತಿ. ಹೊಸಬರ ಲಾಗಿನ್‌ನಿಂದ ಆ ದಾಖಲೆ ನೇರವಾಗಿ ತೆರೆಯುತ್ತದೆಯೇ? ತೆರೆಯದಿದ್ದರೆ ಅಸಿಸ್ಟೆಂಟ್ ಮಾಡಿದ್ದೇ ಸರಿ, ಅನುಮತಿ ಕೊಡಿ. ಆದರೆ ಆ ಒಂದು ಫೈಲಿಗೆ ಮಾತ್ರ. ಅವಸರದಲ್ಲಿ ಇಡೀ ಫೋಲ್ಡರ್ ತೆರೆದರೆ ಇನ್ನೂ ದೊಡ್ಡ ತೊಂದರೆ ಬರುತ್ತದೆ.

ಲಕ್ಷಣ: ಇಲ್ಲದ ಫಾರಂ, ಇಲ್ಲದ ವಿಭಾಗ, ಇಲ್ಲದ ನಿಯಮ

ಉತ್ತರದಲ್ಲಿ ‘ಸಾಮಾನ್ಯವಾಗಿ’, ‘ಹೆಚ್ಚಿನ ಸಂಸ್ಥೆಗಳಲ್ಲಿ’ ಎಂಬ ಮಾತು ಬಂದು, ಕೆಳಗೆ ಯಾವ ದಾಖಲೆಯ ಲಿಂಕೂ ಇಲ್ಲದಿದ್ದರೆ ಎಚ್ಚರ. ನಿಮ್ಮ ದಾಖಲೆಯಲ್ಲಿ ಏನೂ ಸಿಗಲಿಲ್ಲ, ಲೋಕದಲ್ಲಿ ಓದಿದ ರೂಢಿಯನ್ನು ನಿಮ್ಮ ಕಚೇರಿಯ ನಿಯಮ ಎಂದು ಹೇಳುತ್ತಿದೆ. ಮಾತು ಹೊಂದಿಸುವುದು ಅದರ ಕಸುಬು. ಖಾಲಿ ಜಾಗ ಬಿಡು ಎಂದು ಯಾರೂ ಹೇಳದಿದ್ದರೆ ತುಂಬಿಸಿಬಿಡುತ್ತದೆ.

ಪರೀಕ್ಷೆ ಹೀಗೆ ಮಾಡಿ. ಖಂಡಿತ ಇಲ್ಲದ ವಸ್ತುವಿನ ಬಗ್ಗೆ ಕೇಳಿ: ‘ನೀಲಿ ಫಾರಂ 47 ಅನ್ನು ಯಾರಿಗೆ ಕೊಡಬೇಕು?’ ಅಂಥ ಫಾರಂ ಸಿಗಲಿಲ್ಲ ಎಂದರೆ ಆರೋಗ್ಯವಾಗಿದೆ. ‘ನಿಮ್ಮ ಮ್ಯಾನೇಜರ್‌ಗೆ ಮೂರು ದಿನದೊಳಗೆ’ ಎಂದರೆ ರೋಗ ಖಚಿತ. ಇಂಥ ಐದಾರು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು, ಏನನ್ನಾದರೂ ಬದಲಾಯಿಸಿದಾಗಲೆಲ್ಲ ಮತ್ತೆ ಕೇಳಿ.

ಮದ್ದು ಎರಡು ಕಡೆ ಇದೆ. ಅಸಿಸ್ಟೆಂಟ್‌ಗೆ ಮೊದಲೇ ಕೊಟ್ಟಿರುವ ಸೂಚನೆಯಲ್ಲಿ ‘ದಾಖಲೆಯಲ್ಲಿ ಸಿಕ್ಕಿದ್ದನ್ನು ಮಾತ್ರ ಹೇಳು, ಸಿಗದಿದ್ದರೆ ಸಿಗಲಿಲ್ಲ ಎನ್ನು, ಯಾರನ್ನು ಕೇಳಬೇಕೆಂದು ತಿಳಿಸು’ ಎಂಬುದು ಸ್ಪಷ್ಟವಾಗಿ ಇರಬೇಕು. ಇದರಿಂದ ತಪ್ಪು ಬಹಳ ಇಳಿಯುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಹಾಗಾಗಿ ಎರಡನೆಯದು: ಸಂಬಳ, ತೆರಿಗೆ, ವಿಮೆ, ವೀಸಾ, ನೋಟಿಸ್ ಅವಧಿ, ಯಂತ್ರಗಳ ಸುರಕ್ಷತೆ. ಈ ವಿಷಯಗಳಲ್ಲಿ ಅದು ದಾಖಲೆ ತೋರಿಸಬಹುದು, ತೀರ್ಪು ಕೊಡಬಾರದು. ಕೊನೆಯ ಮಾತು ಮನುಷ್ಯರದ್ದೇ.

‘ಅಸಿಸ್ಟೆಂಟ್ ಹೇಳಿದ್ದಕ್ಕೆ ನಾವು ಹೊಣೆಯಲ್ಲ’ ಎಂದು ಕೈ ತೊಳೆದುಕೊಳ್ಳಲು ಬರುವುದಿಲ್ಲ. 2024ರ ಫೆಬ್ರವರಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಒಂದು ನ್ಯಾಯಮಂಡಳಿಯ ಮುಂದೆ ಏರ್ ಕೆನಡಾ ವಿಮಾನ ಸಂಸ್ಥೆ ಇದೇ ರೀತಿ ವಾದಿಸಿತು. ಕುಟುಂಬದಲ್ಲಿ ಸಾವಾದಾಗ ಸಿಗುವ ಟಿಕೆಟ್ ರಿಯಾಯಿತಿಯ ಬಗ್ಗೆ ಅದರ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ತಪ್ಪು ಹೇಳಿತ್ತು. ಮಂಡಳಿ ವಾದವನ್ನು ಒಪ್ಪಲಿಲ್ಲ, ಪರಿಹಾರ ಕೊಡಿಸಿತು. ಅದು ಗ್ರಾಹಕರ ವಿಷಯ. ಆದರೂ ನಾವೇ ಕೊಟ್ಟ ಉಪಕರಣವನ್ನು ನಂಬಿ ಹೊಸಬರು ನಷ್ಟ ಮಾಡಿಕೊಂಡರೆ ಅದನ್ನು ತುಂಬಿಕೊಡುವುದು ನಮ್ಮ ಕೆಲಸ ಎಂದೇ ನನ್ನ ನಂಬಿಕೆ.

ಲಕ್ಷಣ: ಇಬ್ಬರಿಗೆ ಎರಡು ಉತ್ತರ

ಎರಡೂ ಪ್ರಶ್ನೆಗಳನ್ನು ಅಕ್ಕಪಕ್ಕ ಇಡಿ. ‘ಶುಕ್ರವಾರ ಮನೆಯಿಂದ ಕೆಲಸ ಮಾಡಬಹುದಾ?’ ಎಂದು ಒಬ್ಬರು, ‘ಶುಕ್ರವಾರ ಮನೆಯಿಂದ ಮಾಡಬಹುದು ಅಲ್ವಾ?’ ಎಂದು ಇನ್ನೊಬ್ಬರು. ಕೇಳುವವರು ಬಯಸಿದ ಕಡೆಗೆ ವಾಲುವ ಗುಣ ಈ ಮಾದರಿಗಳಿಗೆ ಇದೆ. ‘ಅಲ್ವಾ’ ಎಂದರೆ ‘ಹೌದು’ ಎನ್ನುವ ಸಾಧ್ಯತೆ ಜಾಸ್ತಿ. ಉತ್ತರ ಬಯಸಿ ಕೇಳಬೇಡಿ, ಸುಮ್ನೆ ವಿಷಯ ಕೇಳಿ ಎಂದು ಹೊಸಬರಿಗೆ ಮೊದಲ ದಿನವೇ ಹೇಳಿಕೊಡಿ.

ಪ್ರಶ್ನೆ ಒಂದೇ ಇದ್ದರೂ ಉತ್ತರ ಬೇರೆಯೇ? ಹೊಸ ಚಾಟ್‌ನಲ್ಲಿ ಮತ್ತೆ ಕೇಳಿ, ಹಿಂದಿನ ಮಾತುಕತೆ ಉತ್ತರವನ್ನು ಎಳೆದಿರಬಹುದು. ಇಬ್ಬರ ಹುದ್ದೆ, ವಿಭಾಗ, ಸೇರಿದ ದಿನ ಬೇರೆಯಾಗಿದ್ದರೆ ಎರಡೂ ಸರಿಯಿರಬಹುದು. ಪದಗಳು ಮಾತ್ರ ಬೇರೆ, ಅರ್ಥ ಒಂದೇ ಎಂದರೆ ದೋಷವಲ್ಲ, ಅದರ ಸ್ವಭಾವ. ಅರ್ಥವೇ ಬದಲಾದರೆ ಮತ್ತೆ ಫೋಲ್ಡರ್‌ಗೆ ಹೋಗಿ. ಅಲ್ಲಿ ಒಂದಕ್ಕೊಂದು ಒಪ್ಪದ ಎರಡು ದಾಖಲೆ ಕೂತಿರುತ್ತವೆ.

ಲಕ್ಷಣ: ನೋಡಬಾರದ್ದು ಕಾಣಿಸಿತು

ಇಲ್ಲಿ ಪರೀಕ್ಷೆ ನಿಲ್ಲಿಸಿ.

ಹೊಸಬರೊಬ್ಬರು ‘ನಮ್ಮ ಟೀಮ್ ಬಗ್ಗೆ ಹೇಳು’ ಎಂದರೆ ಸಹೋದ್ಯೋಗಿಗಳ ಸಂಬಳದ ಪಟ್ಟಿ, ಯಾರದೋ ವೈದ್ಯಕೀಯ ರಜೆಯ ಕಾರಣ ಅಥವಾ ಸಂದರ್ಶನದ ಟಿಪ್ಪಣಿ ಬಂದರೆ, ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಲು ಹೋಗಬೇಡಿ. ಸ್ಕ್ರೀನ್‌ಶಾಟನ್ನು ಗ್ರೂಪ್‌ಗೆ ಹಾಕಬೇಡಿ, ಸೋರಿಕೆ ದೊಡ್ಡದಾಗುತ್ತದೆ. ಸಮಯ ಮತ್ತು ಪ್ರಶ್ನೆಯನ್ನು ಮಾತ್ರ ಬರೆದುಕೊಂಡು, ಮಾಹಿತಿ ಸುರಕ್ಷತೆ ನೋಡುವವರಿಗೆ ತಕ್ಷಣ ಫೋನ್ ಮಾಡಿ. ಆ ಫೋಲ್ಡರ್‌ಗೂ ಅಸಿಸ್ಟೆಂಟ್‌ಗೂ ಇರುವ ಸಂಪರ್ಕವನ್ನು ಅವರು ಕಡಿಯಲಿ, ಕಾರಣ ಆಮೇಲೆ ಹುಡುಕಿದರಾಯಿತು. ಚಾಟ್ ಇತಿಹಾಸವನ್ನು ನೀವಾಗಿ ಅಳಿಸಬೇಡಿ, ತನಿಖೆಗೆ ಬೇಕಾಗುತ್ತದೆ. ಕಂಡ ಹೊಸಬರಿಗೆ ‘ತಪ್ಪು ನಿಮ್ಮದಲ್ಲ, ಹೇಳಿದ್ದು ಒಳ್ಳೆಯದಾಯಿತು’ ಎಂದು ಹೇಳುವುದನ್ನು ಮರೆಯಬೇಡಿ. ಬೈದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ.

ಕಾರಣ ಹೆಚ್ಚಾಗಿ ಎರಡರಲ್ಲಿ ಒಂದು. ‘ಲಿಂಕ್ ಇದ್ದ ಎಲ್ಲರೂ ನೋಡಬಹುದು’ ಎಂದು ಯಾರೋ ಯಾವತ್ತೋ ತೆರೆದಿಟ್ಟ ಫೋಲ್ಡರ್. ಮೊದಲೂ ಅದು ತೆರೆದೇ ಇತ್ತು, ಹುಡುಕುವವರಿರಲಿಲ್ಲ. ಅಥವಾ ಎಲ್ಲವನ್ನೂ ಓದಬಲ್ಲ ಒಂದು ದೊಡ್ಡ ಖಾತೆಯಿಂದ ಇಂಡೆಕ್ಸ್ ಮಾಡಿ, ಕೇಳುವವರ ಅನುಮತಿಯನ್ನು ಉತ್ತರಿಸುವಾಗ ನೋಡದೇ ಇರುವುದು. ಎರಡನೆಯದಾಗಿದ್ದರೆ ಅಸಿಸ್ಟೆಂಟ್ ಅನ್ನೇ ಮುಚ್ಚಿ, ಸರಿಯಾದ ಮೇಲೆ ತೆರೆಯಿರಿ. ‘ಸೂಚನೆಯಲ್ಲಿ ಸಂಬಳ ಹೇಳಬೇಡ ಎಂದು ಬರೆದಿದ್ದೇವೆ’ ಎನ್ನುವುದು ಬೀಗವಲ್ಲ. ಮಾತಿನ ಚಮತ್ಕಾರದಿಂದ ಅದನ್ನು ದಾಟಬಹುದು. ಬೀಗ ಅನುಮತಿಯಲ್ಲೇ ಇರಬೇಕು.

ಸೋರಿಕೆ ಹೊರಗಿನ ದಿಕ್ಕಿಗೂ ಆಗುತ್ತದೆ. ಕಚೇರಿಯ ಅಸಿಸ್ಟೆಂಟ್ ಸರಿಯಾಗಿ ಸಿಗದಿದ್ದಾಗ ಹೊಸಬರು ಸಾರ್ವಜನಿಕ ಚಾಟ್‌ಬಾಟ್‌ಗೆ ಕಚೇರಿಯ ಫೈಲು ಅಂಟಿಸುತ್ತಾರೆ. 2023ರಲ್ಲಿ ಸ್ಯಾಮ್‌ಸಂಗ್ ತನ್ನ ಸಿಬ್ಬಂದಿ ಚಾಟ್‌ಜಿಪಿಟಿಗೆ ಒಳಗಿನ ಸೋರ್ಸ್ ಕೋಡ್ (ಸಾಫ್ಟ್‌ವೇರ್‌ನ ಮೂಲ ಬರಹ) ಹಾಕಿದ್ದು ತಿಳಿದ ಮೇಲೆ ಇಂಥ ಉಪಕರಣಗಳ ಬಳಕೆಗೆ ತಡೆ ಹಾಕಿತು. ಏನು ಅಂಟಿಸಬಹುದು, ಏನು ಬಾರದು ಎಂಬ ನಾಲ್ಕು ಸಾಲು ಮೊದಲ ದಿನದ ಕಾಗದದಲ್ಲೇ ಇರಲಿ.

ಲಕ್ಷಣ: ಹೊಸಬರು ಅದನ್ನು ಮುಟ್ಟುತ್ತಿಲ್ಲ

ಮೊದಲು ಸಣ್ಣದು ನೋಡಿ: ಲಾಗಿನ್ ಆಗುತ್ತಿದೆಯೇ, ದಿನವಿಡೀ ತೆರೆದಿರುವ ಚಾಟ್‌ನಲ್ಲೇ ಸಿಗುತ್ತದೆಯೇ, ಅಥವಾ ಐದು ಕ್ಲಿಕ್ ದೂರದಲ್ಲಿದೆಯೇ. ಇವು ಸರಿಯಿದ್ದರೆ ಉಳಿಯುವುದು ಭಯ. ‘ನಾನು ಕೇಳಿದ್ದನ್ನು ಮ್ಯಾನೇಜರ್ ಓದುತ್ತಾರಾ?’ ಎಂದು ಅವರು ಯಾರನ್ನೂ ಕೇಳುವುದಿಲ್ಲ, ಬಳಸುವುದನ್ನು ನಿಲ್ಲಿಸುತ್ತಾರೆ ಅಷ್ಟೇ. ಚಾಟ್ ಯಾರು ನೋಡಬಹುದು, ಎಷ್ಟು ದಿನ ಇಟ್ಟಿರುತ್ತೀರಿ, ಪ್ರೊಬೇಷನ್ ತೀರ್ಮಾನಕ್ಕೆ ಬಳಸುತ್ತೀರಾ ಎಂಬುದನ್ನು ನಿಜವಾಗಿ ಇರುವಂತೆ ತಿಳಿಸಿ. ಪ್ರಶ್ನೆಗಳ ಲೆಕ್ಕ ಹಿಡಿದು ‘ಇವರು ಜಾಸ್ತಿ ಕೇಳ್ತಾರೆ, ಚುರುಕಿಲ್ಲ’ ಎನ್ನುವ ಅಭ್ಯಾಸ ಇದ್ದರೆ ಅದನ್ನು ಮೊದಲು ನಿಲ್ಲಿಸಬೇಕು. ಯಾವ ಸೆಟ್ಟಿಂಗ್‌ನಿಂದಲೂ ಇದು ರಿಪೇರಿಯಾಗುವುದಿಲ್ಲ.

ಲಕ್ಷಣ: ಎಲ್ಲವನ್ನೂ ಅದಕ್ಕೇ ಕೇಳುತ್ತಾರೆ, ಯಾರ ಜೊತೆಯೂ ಮಾತಿಲ್ಲ

ಹಿಡಿಯಲು ಅತಿ ಕಷ್ಟವಾದದ್ದು ಇದು. ಲೆಕ್ಕದಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ, ಪ್ರಶ್ನೆಗಳು ಬರುತ್ತಿವೆ, ಉತ್ತರಗಳು ಸರಿಯಿವೆ. ಆದರೆ ತಿಂಗಳು ಕಳೆದರೂ ಟೀಮ್‌ನ ಅರ್ಧ ಜನರ ಹೆಸರು ಅವರಿಗೆ ಗೊತ್ತಿರುವುದಿಲ್ಲ. ಮೀಟಿಂಗ್‌ನಲ್ಲಿ ಬಾಯಿ ಬಿಡುವುದಿಲ್ಲ. ‘ಇದನ್ನು ಯಾರು ಮಾಡ್ತಾರೆ?’ ಎಂದರೆ ವಿಭಾಗದ ಹೆಸರು ಹೇಳುತ್ತಾರೆ, ಮನುಷ್ಯರ ಹೆಸರಲ್ಲ.

ಸುಲಭದ ಪರೀಕ್ಷೆ: ಈ ವಾರ ಕೆಲಸದ ವಿಷಯವಾಗಿ ಯಾರ್‍ಯಾರನ್ನು ಮಾತಾಡಿಸಿದಿರಿ ಎಂದು ಅವರನ್ನೇ ಕೇಳಿ. ಮ್ಯಾನೇಜರ್ ಬಿಟ್ಟು ಇನ್ನೊಂದು ಹೆಸರೂ ಬರದಿದ್ದರೆ ಅಸಿಸ್ಟೆಂಟ್ ಬಾಗಿಲಾಗಿಲ್ಲ, ಗೋಡೆಯಾಗಿದೆ. ಇಲ್ಲಿ ನೀವು ಬದಲಾಯಿಸಬಹುದಾದ ಒಂದು ಸೂಚನೆ ಇದೆ. ನಿಯಮದ ಪ್ರಶ್ನೆಗೆ ಉತ್ತರ ಕೊಡಲಿ. ‘ಇಲ್ಲಿ ಹೀಗೇಕೆ ಮಾಡುತ್ತಾರೆ’, ‘ಈ ಕೆಲಸ ಎಷ್ಟು ಚೆನ್ನಾಗಿರಬೇಕು’ ಎಂಬಂಥ ಪ್ರಶ್ನೆ ಬಂದಾಗ ಆ ಕೆಲಸ ಬಲ್ಲವರ ಹೆಸರು ಕೊಟ್ಟು ಅವರ ಹತ್ತಿರ ಕಳಿಸಲಿ. ಜೊತೆಗೆ ಹೊಸಬರಿಗೆ ಒಬ್ಬ ಹಿರಿಯ ಜೊತೆಗಾರರನ್ನು ನೇಮಿಸಿ, ದಿನಕ್ಕೆ ಹದಿನೈದು ನಿಮಿಷ ಅವರ ಕೆಲಸದ ಲೆಕ್ಕದಲ್ಲೇ ಬಿಡಿ. ಬಿಡುವಿದ್ದಾಗ ನೋಡಿಕೊಳ್ಳಿ ಎಂದರೆ ಯಾರಿಗೂ ಬಿಡುವಾಗುವುದಿಲ್ಲ.

ಮನುಷ್ಯರು ಯಂತ್ರದ ಎದುರು ಮನಸ್ಸು ಬಿಚ್ಚುವುದು ಹೊಸದೇನಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ ಸರಳ ಮಾತುಕತೆಯ ಪ್ರೋಗ್ರಾಂ ಅನ್ನು ಪ್ರಕಟಿಸಿದರು. ಅದನ್ನು ಬರೆಯುವುದನ್ನು ಕಣ್ಣಾರೆ ನೋಡಿದ್ದ ಅವರ ಕಾರ್ಯದರ್ಶಿಯೇ, ಅದರ ಜೊತೆ ಮಾತಾಡುವಾಗ ಅವರನ್ನು ಕೋಣೆಯಿಂದ ಹೊರಗೆ ಹೋಗಲು ಕೇಳಿದ್ದರಂತೆ. ಹೊಸ ಜಾಗದಲ್ಲಿ ಒಂಟಿಯಾದವರು ರಾತ್ರಿ ಹನ್ನೊಂದಕ್ಕೆ ಕಚೇರಿಯ ಅಸಿಸ್ಟೆಂಟ್‌ಗೆ ‘ನನಗೆ ಇಲ್ಲಿ ಆಗ್ತಿಲ್ಲ’ ಎಂದು ಬರೆಯುವುದು ಸಹಜವೇ.

ಅಂಥ ಮಾತಿಗೆ ಅದು ಏನು ಹೇಳುತ್ತದೆ ಎಂದು ನೀವು ಮೊದಲೇ ಪರೀಕ್ಷಿಸಿರಬೇಕು. ಕಿರುಕುಳದ ದೂರು, ತಾರತಮ್ಯ, ಬದುಕೇ ಬೇಡ ಎಂಬ ಮಾತು, ಕೆಲಸದ ಜಾಗದಲ್ಲಿ ಗಾಯ: ಈ ನಾಲ್ಕರಲ್ಲಿ ಯಾವುದು ಬಂದರೂ ದೋಷ ಹುಡುಕುವುದು ಆಮೇಲಿನ ಮಾತು. ಅಸಿಸ್ಟೆಂಟ್ ಸಲಹೆ ಕೊಡುತ್ತಾ ಕೂರಬಾರದು, ಒಬ್ಬ ಮನುಷ್ಯನನ್ನು ತಲುಪುವ ದಾರಿಯನ್ನು ಮೊದಲ ಸಾಲಿನಲ್ಲೇ ತೋರಿಸಬೇಕು. ಜೀವಕ್ಕೆ ಅಪಾಯ ಎನಿಸಿದರೆ ಸ್ಥಳೀಯ ತುರ್ತು ಸೇವೆಯ ನಂಬರ್. ದೂರಿನ ವಿಷಯವಾದರೆ ತನ್ನ ಮ್ಯಾನೇಜರ್ ಅಲ್ಲದ ಇನ್ನೊಬ್ಬರ ಹೆಸರೂ ಬೇಕು, ದೂರು ಮ್ಯಾನೇಜರ್ ಮೇಲೇ ಇರಬಹುದು. ಆ ಹೆಸರಿನವರು ಕಚೇರಿ ಬಿಟ್ಟು ಹೋಗಿಲ್ಲ, ರಜೆಯಲ್ಲಿಲ್ಲ, ನಂಬರ್ ಬದಲಾಗಿಲ್ಲ ಎಂದು ಹೇಗೆ ಗೊತ್ತು? ತಿಂಗಳಿಗೊಮ್ಮೆ, ಹೊಸಬರ ಲಾಗಿನ್‌ನಿಂದ ಅಸಿಸ್ಟೆಂಟ್ ತೋರಿಸುವ ನಂಬರಿಗೆ ನೀವೇ ಕರೆ ಮಾಡಿ, ಆ ಕಡೆಯಿಂದ ಯಾರು ಎತ್ತುತ್ತಾರೆ ನೋಡಿ. ತುರ್ತು ಸೇವೆಯ ನಂಬರಿಗೆ ಮಾತ್ರ ಹೀಗೆ ಕರೆ ಮಾಡಬೇಡಿ, ಅದು ಸರಿಯಾಗಿದೆಯೇ ಎಂದು ಓದಿ ನೋಡಿದರೆ ಸಾಕು.